ಉಳಿಸಿದ ನೆಟ್‌ವರ್ಕ್ ಪಾಸ್‌ವರ್ಡನ್ನು ಕಂಪ್ಯೂಟರ್ ಮರುದಿನ ಮತ್ತೆ ಕೇಳುತ್ತಿದೆ: ತೋಟದ ಕಚೇರಿಯ ತೊಂದರೆ

ಪ್ರಶ್ನೆ: ತೋಟದ ರೈಟರ್, ಸಿದ್ದಾಪುರ

ಎಲ್ಲರಿಗೂ ನಮಸ್ಕಾರ. ಸಿದ್ದಾಪುರದ ಹತ್ತಿರದ ಕಾಫಿ ತೋಟವೊಂದರಲ್ಲಿ ನಾನು ಹನ್ನೊಂದು ವರ್ಷಗಳಿಂದ ರೈಟರ್ ಆಗಿದ್ದೇನೆ. ಚೆಕ್‌ರೋಲ್ (ಕೆಲಸದವರ ಹಾಜರಿ ಪಟ್ಟಿ), ಕೊಯ್ಲಿನ ತೂಕ, ಗೊಬ್ಬರದ ದಾಸ್ತಾನು, ವಾರದ ಬಟವಾಡೆ, ಇವೆಲ್ಲವೂ ಮೊದಲು ಉದ್ದನೆಯ ಪುಸ್ತಕಗಳಲ್ಲಿದ್ದವು. ಮೂರು ವರ್ಷಗಳ ಹಿಂದೆ ಮಾಲೀಕರು ಕಚೇರಿಗೆ ಒಂದು ನಾಸ್ ಪೆಟ್ಟಿಗೆಯನ್ನು, ಅಂದರೆ ನೆಟ್‌ವರ್ಕ್ ಮೂಲಕ ಹಲವು ಕಂಪ್ಯೂಟರ್‌ಗಳು ಬಳಸಬಹುದಾದ ಕಡತಗಳ ಪೆಟ್ಟಿಗೆಯನ್ನು, ತರಿಸಿ, ಎಲ್ಲ ಲೆಕ್ಕವನ್ನೂ ಅದರೊಳಗೆ ಇಡುವ ವ್ಯವಸ್ಥೆ ಮಾಡಿದರು. ಕಚೇರಿಯ ಡೆಸ್ಕ್‌ಟಾಪ್‌ನಲ್ಲಿ ನಾನು, ಬಂಗಲೆಯ ಲ್ಯಾಪ್‌ಟಾಪ್‌ನಲ್ಲಿ ಮಾಲೀಕರು, ಹೀಗೆ ಇಬ್ಬರೂ ಅವೇ ಕಡತಗಳನ್ನು ತೆರೆಯುತ್ತೇವೆ. ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 11 ಹೋಮ್, ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಪ್ರೊ ಇದೆ.

ತೊಂದರೆ ಹೀಗಿದೆ. ಬೆಳಿಗ್ಗೆ ಡೆಸ್ಕ್‌ಟಾಪ್ ಹಾಕಿದರೆ, ನಾಸ್‌ಗೆ ಜೋಡಿಸಿರುವ ಜೆಡ್ ಡ್ರೈವಿನ ಮೇಲೆ ಕೆಂಪು ಗುರುತು ಬಿದ್ದಿರುತ್ತದೆ, ಒತ್ತಿದರೆ ದಾರಿ ಸಿಗಲಿಲ್ಲ ಎಂಬ ಸಂದೇಶ ಬರುತ್ತದೆ. ಆಗ ನಾನು ಮೊಬೈಲಿನಲ್ಲಿರುವ ನಾಸ್ ಆ್ಯಪ್ ತೆರೆದು, ಆ ದಿನ ಪೆಟ್ಟಿಗೆಯ ಸಂಖ್ಯೆ ಎಷ್ಟೆಂದು ನೋಡಿ, 192.168.1 ಎಂದು ಆರಂಭವಾಗುವ ಆ ವಿಳಾಸವನ್ನು ಮೇಲಿನ ಪಟ್ಟಿಯಲ್ಲಿ ಬರೆಯುತ್ತೇನೆ. ಕೂಡಲೇ ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತದೆ. ‘ರಿಮೆಂಬರ್ ಮೈ ಕ್ರೆಡೆನ್ಶಿಯಲ್ಸ್’ ಎಂಬ ಚೌಕಕ್ಕೆ ಗುರುತು ಹಾಕಿಯೇ ಒಳಗೆ ಹೋಗುತ್ತೇನೆ. ಆ ದಿನವೆಲ್ಲ ಏನೂ ತೊಂದರೆಯಿಲ್ಲ. ಮರುದಿನ ಮತ್ತೆ ಅದೇ ಕಥೆ. ಆದರೆ ವಾರದಲ್ಲಿ ಒಂದೋ ಎರಡೋ ದಿನ ಏನನ್ನೂ ಕೇಳದೆ ತೆರೆದುಕೊಳ್ಳುವುದೂ ಉಂಟು. ಯಾವ ದಿನ ಕೇಳುತ್ತದೆ, ಯಾವ ದಿನ ಕೇಳುವುದಿಲ್ಲ ಎಂಬುದಕ್ಕೆ ನನಗೆ ಯಾವ ಲೆಕ್ಕವೂ ಸಿಕ್ಕಿಲ್ಲ. ಮಾಲೀಕರ ಲ್ಯಾಪ್‌ಟಾಪ್ ಮಾತ್ರ ಒಂದು ದಿನವೂ ಬಿಡದೆ, ಪ್ರತಿ ಸಲ ಆರಿಸಿ ಹಾಕಿದಾಗಲೂ ಕೇಳುತ್ತದೆ.

ಸಂಬಂಧವಿರಬಹುದಾದ ಇನ್ನೆರಡು ವಿಷಯಗಳನ್ನು ಹೇಳಿಬಿಡುತ್ತೇನೆ. ಜುಲೈ ತಿಂಗಳಲ್ಲಿ ನಾನು ಡೆಸ್ಕ್‌ಟಾಪ್‌ನ ನನ್ನ ಖಾತೆಯ ಪಾಸ್‌ವರ್ಡ್ ಮರೆತಾಗ, ಮಾಲೀಕರು ಅವರ ಖಾತೆಯಿಂದ ಒಳಗೆ ಹೋಗಿ ನನಗೆ ಹೊಸದೊಂದನ್ನು ಹಾಕಿಕೊಟ್ಟರು. ಆ ದಿನ ಮೇಲ್ ಪ್ರೋಗ್ರಾಂ ಕೂಡ ಎಲ್ಲ ಪಾಸ್‌ವರ್ಡ್‌ಗಳನ್ನು ಹೊಸದಾಗಿ ಕೇಳಿತು, ಆಮೇಲೆ ಕೇಳಿಲ್ಲ. ಎರಡನೆಯದು, ನಮ್ಮಲ್ಲಿ ಸಂಜೆ ಕಚೇರಿ ಮುಚ್ಚುವಾಗ ರೂಟರ್ ಮತ್ತು ನಾಸ್ ಎರಡರ ಪ್ಲಗ್ಗನ್ನೂ ಕಿತ್ತಿಡುತ್ತೇವೆ. ಕಳೆದ ಏಪ್ರಿಲ್‌ನ ಗುಡುಗಿಗೆ ಒಂದು ರೂಟರ್ ಸುಟ್ಟುಹೋದ ಮೇಲೆ ಇದು ರೂಢಿಯಾಗಿದೆ. ವೈಫೈ ಪಾಸ್‌ವರ್ಡನ್ನು ಮಾತ್ರ ಎರಡೂ ಕಂಪ್ಯೂಟರ್‌ಗಳು ಒಮ್ಮೆಯೂ ಮರೆತಿಲ್ಲ.

ಪೇಟೆಯಲ್ಲಿ ವಿಚಾರಿಸಿದಾಗ ಎರಡನ್ನೂ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಬೇಕು ಎಂದರು. ಇನ್ನು ಸ್ವಲ್ಪ ದಿನಗಳಲ್ಲಿ ಅರೇಬಿಕಾ ಕೊಯ್ಲು ಆರಂಭವಾಗುತ್ತದೆ, ಅದರ ಬೆನ್ನಿಗೇ ರೊಬಸ್ಟಾ ಬರುತ್ತದೆ. ತೂಕದ ಲೆಕ್ಕ ಬರೆಯುವ ಸಂಜೆಗಳಲ್ಲಿ ಮೇಸ್ತ್ರಿಗಳೂ ಕೆಲಸದವರೂ ಕಣದ ಪಕ್ಕದಲ್ಲಿ ಕಾದು ನಿಂತಿರುತ್ತಾರೆ. ಅಂಥ ಹೊತ್ತಿನಲ್ಲಿ ಕಂಪ್ಯೂಟರ್ ಇಲ್ಲದೆ ಇರಲು ಸಾಧ್ಯವಿಲ್ಲ. ಫಾರ್ಮ್ಯಾಟ್ ನಿಜಕ್ಕೂ ಬೇಕೇ, ಬೇರೆ ದಾರಿ ಇದೆಯೇ, ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಕಂಪ್ಯೂಟರ್ ದುರಸ್ತಿಗಾರ, ಗೋಣಿಕೊಪ್ಪ

ನಮಸ್ಕಾರ ಸರ್. ಫಾರ್ಮ್ಯಾಟ್ ಮಾಡಿಸಬೇಡಿ. ನೀವು ಬರೆದಿರುವುದನ್ನು ಎರಡು ಸಲ ಓದಿದೆ. ಎರಡು ಕಂಪ್ಯೂಟರ್‌ಗಳ ಲಕ್ಷಣಗಳು ಮೇಲ್ನೋಟಕ್ಕೆ ಒಂದೇ ಆಗಿದ್ದರೂ ಕಾರಣಗಳು ಬೇರೆಬೇರೆ ಇರಬೇಕೆಂದು ನನಗೆ ಅನಿಸುತ್ತದೆ. ಒಂದು ಕೆಲವು ದಿನ ಬಿಟ್ಟು ಕೇಳುತ್ತದೆ, ಇನ್ನೊಂದು ತಪ್ಪದೆ ಕೇಳುತ್ತದೆ ಎಂಬ ಈ ವ್ಯತ್ಯಾಸವನ್ನು ನೀವು ಗಮನಿಸಿದ್ದು ಬಹಳ ಒಳ್ಳೆಯದಾಯಿತು.

ಇಂಥ ದೂರು ಬಂದಾಗ ನಾನು ಮೊದಲು ಒಂದೇ ಪ್ರಶ್ನೆ ಹಾಕಿಕೊಳ್ಳುತ್ತೇನೆ: ಪಾಸ್‌ವರ್ಡ್ ಉಳಿಯಲೇ ಇಲ್ಲವೇ, ಅಥವಾ ಉಳಿದಿದ್ದರೂ ಬಳಕೆಗೆ ಬರುತ್ತಿಲ್ಲವೇ? ಕುಳಿತವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ, ಏಕೆಂದರೆ ತೆರೆಯ ಮೇಲೆ ಬರುವುದು ಪಾಸ್‌ವರ್ಡ್ ಕೇಳುವ ಅದೇ ಚೌಕಟ್ಟು. ಆದರೆ ಪರಿಹಾರ ಸಂಪೂರ್ಣ ಬೇರೆ. ಆದ್ದರಿಂದ ಏನನ್ನೂ ಬದಲಾಯಿಸುವ ಮೊದಲು ಇದನ್ನು ನೋಡಿ.

ಸ್ಟಾರ್ಟ್ ಮೆನುವಿನಲ್ಲಿ ‘ಕ್ರೆಡೆನ್ಶಿಯಲ್ ಮ್ಯಾನೇಜರ್’ ಎಂದು ಹುಡುಕಿ ತೆರೆಯಿರಿ. ಅದು ಉಳಿಸಿದ ಹೆಸರು, ಪಾಸ್‌ವರ್ಡ್‌ಗಳನ್ನು ಇಡುವ, ಕಂಟ್ರೋಲ್ ಪ್ಯಾನಲ್‌ನ ಒಂದು ಭಾಗ. ಅಲ್ಲಿ ಎರಡು ವಿಭಾಗಗಳಿವೆ: ವೆಬ್ ಕ್ರೆಡೆನ್ಶಿಯಲ್ಸ್ ಮತ್ತು ವಿಂಡೋಸ್ ಕ್ರೆಡೆನ್ಶಿಯಲ್ಸ್. ನಿಮಗೆ ಬೇಕಾದದ್ದು ಎರಡನೆಯದು. ಸಂಜೆ ಕಂಪ್ಯೂಟರ್ ಆರಿಸುವ ಮುನ್ನ ಅಲ್ಲಿ ಏನೇನಿದೆ ಎಂದು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಬೆಳಿಗ್ಗೆ ಹಾಕಿದ ಕೂಡಲೇ, ನಾಸ್ ತೆರೆಯಲು ಪ್ರಯತ್ನಿಸುವುದಕ್ಕಿಂತ ಮೊದಲೇ, ಮತ್ತೆ ನೋಡಿ. ಸಂಜೆ ಇದ್ದದ್ದು ಬೆಳಿಗ್ಗೆ ಇಲ್ಲವಾದರೆ ಅದು ಒಂದು ರೋಗ. ಸಂಜೆ ಇದ್ದದ್ದು ಬೆಳಿಗ್ಗೆಯೂ ಇದ್ದು, ಆದರೂ ಪಾಸ್‌ವರ್ಡ್ ಕೇಳಿದರೆ ಅದು ಬೇರೆ. ಪ್ರತಿಯೊಂದು ನಮೂದಿನ ಪಕ್ಕದ ಬಾಣವನ್ನು ಒತ್ತಿದರೆ ‘ಪರ್ಸಿಸ್ಟೆನ್ಸ್’ ಎಂಬ ಸಾಲು ಕಾಣುತ್ತದೆ. ಅದರಲ್ಲಿ ‘ಲಾಗಾನ್ ಸೆಶನ್’ ಎಂದಿದ್ದರೆ, ನೀವು ಲಾಗೌಟ್ ಆಗುವವರೆಗೆ ಮಾತ್ರ ಅದರ ಆಯಸ್ಸು ಎಂದರ್ಥ. ‘ಎಂಟರ್‌ಪ್ರೈಸ್’ ಅಥವಾ ‘ಲೋಕಲ್ ಕಂಪ್ಯೂಟರ್’ ಎಂದಿದ್ದರೆ ಅದು ಉಳಿಯಬೇಕಾದದ್ದು.

ಲ್ಯಾಪ್‌ಟಾಪ್‌ನಲ್ಲಿ ಇನ್ನೂ ಒಂದು ಕೆಲಸ ಮಾಡಿ. ಅದೇ ಜಾಗದಲ್ಲಿ ‘ಆ್ಯಡ್ ಎ ವಿಂಡೋಸ್ ಕ್ರೆಡೆನ್ಶಿಯಲ್’ ಎಂಬುದನ್ನು ಒತ್ತಿ, ನಾಸ್‌ನ ವಿಳಾಸ, ಹೆಸರು, ಪಾಸ್‌ವರ್ಡ್ ಮೂರನ್ನೂ ಕೈಯಿಂದಲೇ ಬರೆದು ಉಳಿಸಲು ಪ್ರಯತ್ನಿಸಿ. ಯಾವುದಾದರೂ ದೋಷಸಂಖ್ಯೆ ಬಂದರೆ ಅದನ್ನು ಹಾಗೆಯೇ ಇಲ್ಲಿ ಬರೆಯಿರಿ.

ವೈಫೈ ವಿಚಾರವನ್ನು ನೀವು ಹೇಳಿದ್ದು ಸರಿಯಾಯಿತು, ಆದರೆ ಅದರಿಂದ ಗೊಂದಲಪಡಬೇಡಿ. ವೈಫೈ ಪಾಸ್‌ವರ್ಡನ್ನು ವಿಂಡೋಸ್ ಬೇರೊಂದು ಜಾಗದಲ್ಲಿ, ಬೇರೊಂದು ಸೇವೆಯ ಉಸ್ತುವಾರಿಯಲ್ಲಿ ಇಟ್ಟಿರುತ್ತದೆ. ಅದು ಕ್ರೆಡೆನ್ಶಿಯಲ್ ಮ್ಯಾನೇಜರಿನ ಪಟ್ಟಿಯಲ್ಲಿ ಬರುವುದೇ ಇಲ್ಲ. ವೈಫೈ ನೆನಪಿದೆ ಎಂದ ಮಾತ್ರಕ್ಕೆ ಇದೂ ನೆನಪಿರಬೇಕೆಂದಿಲ್ಲ.

ಪ್ರಶ್ನಿಸಿದವರಿಂದ: ತೋಟದ ರೈಟರ್, ಸಿದ್ದಾಪುರ

ಸರ್, ನೀವು ಹೇಳಿದಂತೆಯೇ ಎರಡು ದಿನ ನೋಡಿದೆ. ನೀವು ಊಹಿಸಿದ ಹಾಗೆ ಎರಡೂ ಬೇರೆಬೇರೆಯೇ ಆಗಿವೆ.

ಡೆಸ್ಕ್‌ಟಾಪ್‌ನ ಪಟ್ಟಿಯಲ್ಲಿ ಪಾಸ್‌ವರ್ಡ್ ಉಳಿದಿದೆ, ಒಂದಲ್ಲ, ಒಂಬತ್ತು! 192.168.1.3, 192.168.1.5, 192.168.1.6, 192.168.1.9 ಹೀಗೆ ಒಂಬತ್ತು ಸಂಖ್ಯೆಗಳು ಸಾಲಾಗಿ ಇವೆ. ಎಲ್ಲದರಲ್ಲಿಯೂ ಬಳಕೆದಾರನ ಹೆಸರು ಒಂದೇ, ಎಲ್ಲದರಲ್ಲಿಯೂ ಪರ್ಸಿಸ್ಟೆನ್ಸ್ ‘ಎಂಟರ್‌ಪ್ರೈಸ್’ ಎಂದಿದೆ. ಸಂಜೆ ಇದ್ದ ಒಂಬತ್ತೂ ಬೆಳಿಗ್ಗೆ ಹಾಗೆಯೇ ಇದ್ದವು. ಮೊದಲನೆಯ ದಿನ ಆ್ಯಪ್ ತೋರಿಸಿದ ಸಂಖ್ಯೆ 192.168.1.12, ಅದು ಪಟ್ಟಿಯಲ್ಲಿರಲಿಲ್ಲ, ಪಾಸ್‌ವರ್ಡ್ ಕೇಳಿತು. ಎರಡನೆಯ ದಿನ ತೋರಿಸಿದ್ದು 192.168.1.5, ಅದು ಪಟ್ಟಿಯಲ್ಲಿತ್ತು, ಕೇಳಲಿಲ್ಲ. ಇದನ್ನು ನೋಡಿದಾಗ ನನಗೇ ಅರ್ಧ ಅರ್ಥವಾಯಿತು.

ಲ್ಯಾಪ್‌ಟಾಪ್‌ನ ಪಟ್ಟಿಯಲ್ಲಿ ನಾಸ್‌ಗೆ ಸಂಬಂಧಪಟ್ಟದ್ದು ಏನೂ ಇಲ್ಲ. ಕೈಯಿಂದ ಸೇರಿಸಲು ಹೋದಾಗ ಉಳಿಸಲು ಸಾಧ್ಯವಿಲ್ಲ ಎಂಬ ಸಂದೇಶದ ಜೊತೆಗೆ 80070520 ಎಂದು ಮುಗಿಯುವ ಸಂಖ್ಯೆ ಬಂತು, ಲಾಗಾನ್ ಸೆಶನ್ ಅಸ್ತಿತ್ವದಲ್ಲಿಲ್ಲ ಎಂಬ ಅರ್ಥದ ಒಂದು ಸಾಲು ಅದರೊಂದಿಗಿತ್ತು. ಆ ಲ್ಯಾಪ್‌ಟಾಪ್ ಮಾಲೀಕರ ಮಗಳು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಕಂಪನಿಯದ್ದು. ಹಳೆಯದಾದ ಮೇಲೆ ಅವರು ಹಣ ಕೊಟ್ಟು ಕೊಂಡುಕೊಂಡು, ಊರಿಗೆ ಬಂದಾಗ ತಂದೆಗೆ ಕೊಟ್ಟಿದ್ದಾರೆ. ಇದು ಮುಖ್ಯವೋ ಅಲ್ಲವೋ ತಿಳಿಯದು, ಆದರೂ ಹೇಳುತ್ತಿದ್ದೇನೆ.

ಉತ್ತರ: ಕಂಪ್ಯೂಟರ್ ದುರಸ್ತಿಗಾರ, ಗೋಣಿಕೊಪ್ಪ

ಸರ್, ಲ್ಯಾಪ್‌ಟಾಪ್ ಕಂಪನಿಯದ್ದಾಗಿತ್ತು ಎಂಬುದು ಬಹಳ ಮುಖ್ಯ. ಮೊದಲು ಡೆಸ್ಕ್‌ಟಾಪ್ ವಿಚಾರವನ್ನು ಮುಗಿಸೋಣ.

ವಿಂಡೋಸ್ ಪಾಸ್‌ವರ್ಡನ್ನು ಯಾವ ಯಂತ್ರದ್ದು ಎಂದು ನೋಡಿ ಇಡುವುದಿಲ್ಲ, ನೀವು ಬರೆದ ವಿಳಾಸ ಯಾವುದು ಎಂದು ನೋಡಿ ಇಡುತ್ತದೆ. ಒಂದೇ ನಾಸ್ ಪೆಟ್ಟಿಗೆಯನ್ನು ಇವತ್ತು 192.168.1.5 ಎಂದು ಕರೆದರೆ ಒಂದು ನಮೂದು, ನಾಳೆ 192.168.1.12 ಎಂದು ಕರೆದರೆ ಇನ್ನೊಂದು, ಅದರ ಹೆಸರಿನಿಂದ ಕರೆದರೆ ಮೂರನೆಯದು. ಮನೆಯ ಒಬ್ಬನೇ ಮಗನನ್ನು ಮೂರು ಹೆಸರಿನಿಂದ ಕರೆದರೆ ನಮಗೆ ಒಬ್ಬನೇ ಎಂದು ತಿಳಿಯುತ್ತದೆ, ವಿಂಡೋಸ್‌ಗೆ ತಿಳಿಯುವುದಿಲ್ಲ. ಆದ್ದರಿಂದ ನಿಮ್ಮ ಡೆಸ್ಕ್‌ಟಾಪ್ ಏನನ್ನೂ ಮರೆತಿಲ್ಲ. ನೀವು ಹೇಳಿದ್ದನ್ನೆಲ್ಲ ಅದು ಉಳಿಸಿಕೊಂಡಿದೆ. ಪ್ರತಿದಿನ ಹೊಸ ಅಪರಿಚಿತನೊಬ್ಬನ ಪಾಸ್‌ವರ್ಡ್ ಕೇಳುತ್ತಿದ್ದೇನೆ ಎಂದುಕೊಂಡು ಕೇಳುತ್ತಿದೆ, ಅಷ್ಟೆ.

ಸಂಖ್ಯೆ ಏಕೆ ಬದಲಾಗುತ್ತಿದೆ ಎಂಬುದಕ್ಕೆ ಉತ್ತರ ನಿಮ್ಮ ಮೊದಲ ಬರಹದಲ್ಲೇ ಇತ್ತು. ಮನೆ, ಕಚೇರಿಗಳ ರೂಟರ್ ತನ್ನ ಬಳಿಗೆ ಬಂದ ಪ್ರತಿಯೊಂದು ಸಾಧನಕ್ಕೂ ಒಂದು ಸಂಖ್ಯೆಯನ್ನು ಸ್ವಲ್ಪ ಕಾಲಕ್ಕೆ ಕೊಟ್ಟಿರುತ್ತದೆ. ಡಿಎಚ್‌ಸಿಪಿ ಎನ್ನುವುದು ಇದಕ್ಕೇ. ಯಾರಿಗೆ ಯಾವ ಸಂಖ್ಯೆ ಕೊಟ್ಟೆ ಎಂಬ ಪಟ್ಟಿಯನ್ನು ಅನೇಕ ರೂಟರ್‌ಗಳು ಕರೆಂಟ್ ಹೋದರೆ ಅಳಿಸಿಹೋಗುವ ಮೆಮೊರಿಯಲ್ಲಿ ಮಾತ್ರ ಇಟ್ಟುಕೊಂಡಿರುತ್ತವೆ. ನೀವು ಸಂಜೆ ಪ್ಲಗ್ ಕಿತ್ತಿಟ್ಟು ಬೆಳಿಗ್ಗೆ ಹಾಕಿದಾಗ ಆ ಪಟ್ಟಿ ಖಾಲಿಯಾಗಿರುತ್ತದೆ. ನಾಸ್ ಪೂರ್ತಿ ಎದ್ದೇಳಲು ಕೆಲವು ನಿಮಿಷ ಬೇಕು. ಅಷ್ಟರಲ್ಲಿ ನಿಮ್ಮ ಮೊಬೈಲು, ಬಂಗಲೆಯ ಟಿವಿ, ಮತ್ತೊಬ್ಬರ ಮೊಬೈಲು ಮೊದಲು ಬಂದು ಸಂಖ್ಯೆಗಳನ್ನು ತೆಗೆದುಕೊಂಡಿರುತ್ತವೆ. ಉಳಿದದ್ದು ನಾಸ್‌ಗೆ ಸಿಗುತ್ತದೆ.

ಹಾಗೆಂದು ಪ್ಲಗ್ ಕೀಳುವುದನ್ನು ನಿಲ್ಲಿಸಬೇಡಿ. ನಮ್ಮ ಕಡೆ ಹೂಮಳೆಯ ಸಮಯದಿಂದ ಮುಂಗಾರು ಹಿಡಿಯುವವರೆಗಿನ ಗುಡುಗು ಎಂಥದ್ದೆಂದು ನಮಗೆ ಗೊತ್ತು. ನನ್ನ ಅಂಗಡಿಗೆ ಏಪ್ರಿಲ್, ಮೇ ತಿಂಗಳಲ್ಲಿ ಬರುವ ಸುಟ್ಟ ರೂಟರ್‌ಗಳನ್ನು ನೋಡಿದವರು ಯಾರೂ ಪ್ಲಗ್ ಬಿಟ್ಟು ಹೋಗುವುದಿಲ್ಲ. ಪರಿಹಾರವನ್ನು ರೂಟರಿನೊಳಗೆ ಮಾಡಬೇಕು. ಬ್ರೌಸರ್‌ನಲ್ಲಿ ರೂಟರಿನ ಪುಟವನ್ನು ತೆರೆದು, ಡಿಎಚ್‌ಸಿಪಿ ವಿಭಾಗದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಅಥವಾ ‘ಸ್ಟ್ಯಾಟಿಕ್ ಡಿಎಚ್‌ಸಿಪಿ’ ಎಂಬ ಜಾಗವನ್ನು ಹುಡುಕಿ. ನಾಸ್ ಪೆಟ್ಟಿಗೆಯ ತಳದಲ್ಲಿ ಅಂಟಿಸಿರುವ ಚೀಟಿಯಲ್ಲಿ ಹನ್ನೆರಡು ಅಕ್ಷರ ಮತ್ತು ಅಂಕಿಗಳ ಮ್ಯಾಕ್ ವಿಳಾಸ, ಅಂದರೆ ಆ ಸಾಧನದ ಗುರುತು, ಇರುತ್ತದೆ. ಅದನ್ನು ಬರೆದು, ಅದಕ್ಕೆ ಒಂದು ಸಂಖ್ಯೆಯನ್ನು, ಉದಾಹರಣೆಗೆ 192.168.1.50 ಎಂಬುದನ್ನು, ಕಾಯ್ದಿರಿಸಿ. ಈ ಏರ್ಪಾಡು ರೂಟರಿನ ಸೆಟ್ಟಿಂಗ್‌ಗಳೊಂದಿಗೆ ಶಾಶ್ವತವಾಗಿ ಉಳಿಯುತ್ತದೆ, ಕರೆಂಟ್ ಹೋದರೂ ಅಳಿಯುವುದಿಲ್ಲ. ಒಂದು ವೇಳೆ ರೂಟರ್ ಸುಟ್ಟು ಹೊಸದನ್ನು ತಂದರೆ ಮಾತ್ರ ಇದನ್ನು ಮತ್ತೆ ಮಾಡಬೇಕಾಗುತ್ತದೆ, ಆದ್ದರಿಂದ ಪುಸ್ತಕದಲ್ಲಿ ಬರೆದಿಡಿ.

ಇಷ್ಟಾದ ಮೇಲೆ ಡೆಸ್ಕ್‌ಟಾಪ್‌ನಲ್ಲಿ ನಾಸ್‌ನ ಹಳೆಯ ನಮೂದುಗಳನ್ನೆಲ್ಲ ತೆಗೆದುಹಾಕಿ, ಜೆಡ್ ಡ್ರೈವನ್ನು ಡಿಸ್‌ಕನೆಕ್ಟ್ ಮಾಡಿ, ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಈ ರೀಸ್ಟಾರ್ಟನ್ನು ಬಿಡಬೇಡಿ, ಏಕೆಂದರೆ ಹಳೆಯ ಸಂಪರ್ಕ ಜೀವಂತವಾಗಿರುವಾಗ ಅದೇ ಪೆಟ್ಟಿಗೆಗೆ ಬೇರೊಬ್ಬ ಬಳಕೆದಾರನ ಹೆಸರಿನಿಂದ ಹೋಗಲು ವಿಂಡೋಸ್ ಬಿಡುವುದಿಲ್ಲ, 1219 ಎಂಬ ದೋಷಸಂಖ್ಯೆಯನ್ನು ತೋರಿಸುತ್ತದೆ. ನಂತರ ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’ ತೆರೆದು ಹೊಸ ಸಂಖ್ಯೆಯಿಂದ ಜೆಡ್ ಡ್ರೈವನ್ನು ಮತ್ತೆ ಮಾಡಿ. ಅಲ್ಲಿ ‘ರೀಕನೆಕ್ಟ್ ಅಟ್ ಸೈನ್-ಇನ್’ ಎಂಬ ಗುರುತು ಬೇರೆ, ಆಮೇಲೆ ಪಾಸ್‌ವರ್ಡ್ ಕೇಳುವ ಚೌಕಟ್ಟಿನ ‘ರಿಮೆಂಬರ್ ಮೈ ಕ್ರೆಡೆನ್ಶಿಯಲ್ಸ್’ ಎಂಬ ಗುರುತು ಬೇರೆ. ಮೊದಲನೆಯದು ಡ್ರೈವನ್ನು ನೆನಪಿಡುತ್ತದೆ, ಎರಡನೆಯದು ಪಾಸ್‌ವರ್ಡನ್ನು. ಎರಡೂ ಬೇಕು.

ಈಗ ಲ್ಯಾಪ್‌ಟಾಪ್. ಕೈಯಿಂದ ಸೇರಿಸುವಾಗ ಬಂದ ಆ ಸಂಖ್ಯೆ ನನಗೆ ಪರಿಚಿತ. ನೆಟ್‌ವರ್ಕ್ ಪಾಸ್‌ವರ್ಡ್‌ಗಳನ್ನು ಉಳಿಸಲೇಬಾರದು ಎಂದು ಭದ್ರತೆಯ ನಿಯಮವೊಂದು ವಿಂಡೋಸ್‌ನಲ್ಲಿದೆ. ಕಂಪನಿಗಳು ತಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಹಾಕಿರುತ್ತವೆ. ಕಳುವಾದ ಲ್ಯಾಪ್‌ಟಾಪ್‌ನಿಂದ ಕಂಪನಿಯ ಸರ್ವರ್‌ಗೆ ಯಾರೂ ನುಗ್ಗಬಾರದೆಂಬುದು ಅದರ ಉದ್ದೇಶ, ಅವರ ಮಟ್ಟಿಗೆ ಸರಿಯೂ ಹೌದು. ಆ ನಿಯಮ ಇದ್ದಾಗ ನೀವು ಬರೆದ ಪಾಸ್‌ವರ್ಡ್ ಆ ಸೆಶನ್‌ಗೆ ಮಾತ್ರ ನಡೆಯುತ್ತದೆ. ಮೊದಲು ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ಒಳಗೆ ‘ಅಕ್ಸೆಸ್ ವರ್ಕ್ ಆರ್ ಸ್ಕೂಲ್’ ತೆರೆದು, ಹಳೆಯ ಕಂಪನಿಯ ಖಾತೆ ಇನ್ನೂ ಅಂಟಿಕೊಂಡಿದೆಯೇ ನೋಡಿ. ಇದ್ದರೆ ಮಾಲೀಕರ ಮಗಳು ಆ ಕಂಪನಿಯವರನ್ನು ಕೇಳಿ ಬಿಡಿಸಿಕೊಳ್ಳಬೇಕು, ಇಲ್ಲದಿದ್ದರೆ ನೀವು ಬದಲಾಯಿಸಿದ್ದನ್ನು ಅದು ಮತ್ತೆ ಹಿಂದಕ್ಕೆ ತರಬಹುದು. ಖಾತೆ ಇಲ್ಲವಾದರೆ, ‘ಲೋಕಲ್ ಸೆಕ್ಯುರಿಟಿ ಪಾಲಿಸಿ’ಯನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಲೋಕಲ್ ಪಾಲಿಸೀಸ್, ಅದರೊಳಗೆ ಸೆಕ್ಯುರಿಟಿ ಆಪ್ಶನ್ಸ್, ಅದರಲ್ಲಿ ‘ನೆಟ್‌ವರ್ಕ್ ಅಕ್ಸೆಸ್’ ಎಂದು ಆರಂಭವಾಗಿ ‘ಡು ನಾಟ್ ಅಲೋ ಸ್ಟೋರೇಜ್ ಆಫ್ ಪಾಸ್‌ವರ್ಡ್ಸ್’ ಎಂದು ಮುಂದುವರಿಯುವ ಸಾಲನ್ನು ಹುಡುಕಿ. ‘ಎನೇಬಲ್ಡ್’ ಎಂದಿರುತ್ತದೆ. ‘ಡಿಸೇಬಲ್ಡ್’ ಮಾಡಿ ರೀಸ್ಟಾರ್ಟ್ ಮಾಡಿ. ಸಾಲಿನಲ್ಲಿ ‘ಡು ನಾಟ್’ ಇರುವುದರಿಂದ ಅನೇಕರು ತಿರುವುಮುರುವು ಮಾಡಿಬಿಡುತ್ತಾರೆ. ಉಳಿಸಬಾರದು ಎಂಬ ನಿಯಮವನ್ನು ನಾವು ತೆಗೆದುಹಾಕುತ್ತಿದ್ದೇವೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ವಿಂಡೋಸ್ ಹೋಮ್ ಆವೃತ್ತಿಯಲ್ಲಿ ಈ ಪಾಲಿಸಿ ಪರದೆ ಇರುವುದಿಲ್ಲ. ನಿಮ್ಮದು ಪ್ರೊ ಆದ್ದರಿಂದ ಸಿಗುತ್ತದೆ.

ಉತ್ತರ: ಹೋಂಸ್ಟೇ ನಡೆಸುವವರು, ಸೋಮವಾರಪೇಟೆ

ನಮಸ್ಕಾರ. ನಮ್ಮ ಹೋಂಸ್ಟೇಯಲ್ಲಿಯೂ ಇದೇ ತೊಂದರೆ ಇತ್ತು. ನಾನು ಕಂಡುಕೊಂಡ ದಾರಿ ಸುಲಭವಾದದ್ದು. ನೋಟ್‌ಪ್ಯಾಡಿನಲ್ಲಿ ಡ್ರೈವ್ ಜೋಡಿಸುವ ಒಂದು ಸಾಲಿನ ಆಜ್ಞೆಯನ್ನು ಹೆಸರು, ಪಾಸ್‌ವರ್ಡ್ ಸಹಿತ ಬರೆದು, ಬ್ಯಾಚ್ ಕಡತವಾಗಿ ಸ್ಟಾರ್ಟಪ್ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಕಂಪ್ಯೂಟರ್ ಎದ್ದ ಕೂಡಲೇ ತಾನಾಗಿಯೇ ಜೋಡಿಸಿಕೊಳ್ಳುತ್ತದೆ. ಪಾಲಿಸಿ ಇತ್ಯಾದಿಗಳ ಗೋಜು ಏಕೆ? ಜೊತೆಗೆ ನನ್ನದೊಂದು ಪ್ರಶ್ನೆಯೂ ಇದೆ. ನಮ್ಮ ಸ್ವಾಗತ ಕೊಠಡಿಯ ಹಳೆಯ ವಿಂಡೋಸ್ 10 ಕಂಪ್ಯೂಟರ್ ನೆಟ್‌ವರ್ಕಿನದ್ದನ್ನಷ್ಟೇ ಅಲ್ಲ, ಮೇಲ್ ಮತ್ತು ಬ್ರೌಸರ್‌ನ ಪಾಸ್‌ವರ್ಡ್‌ಗಳನ್ನೂ ಪ್ರತಿ ರೀಸ್ಟಾರ್ಟ್‌ಗೆ ಮರೆಯುತ್ತದೆ. ಅದನ್ನು ಅಪ್‌ಡೇಟ್ ಮಾಡದೆ ಬಹಳ ವರ್ಷವಾಯಿತು.

ಉತ್ತರ: ನಿವೃತ್ತ ಉಪನ್ಯಾಸಕಿ, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ನಾನು ಕಂಪ್ಯೂಟರ್ ವಿಜ್ಞಾನವನ್ನು ಪಾಠ ಮಾಡಿ ನಿವೃತ್ತಳಾದವಳು. ಗೋಣಿಕೊಪ್ಪದವರು ಹೇಳಿದ್ದು ಸರಿಯಾಗಿದೆ, ಅದನ್ನೇ ಅನುಸರಿಸಿ. ಆದರೆ ಸೋಮವಾರಪೇಟೆಯವರ ಸಲಹೆಯನ್ನು ದಯವಿಟ್ಟು ಯಾರೂ ಅನುಸರಿಸಬಾರದು ಎಂದು ಕೇಳಿಕೊಳ್ಳುತ್ತೇನೆ. ಅವರ ಉದ್ದೇಶ ಒಳ್ಳೆಯದೇ. ಆದರೂ ಬ್ಯಾಚ್ ಕಡತ ಎಂದರೆ ಬರಿಯ ಪಠ್ಯ. ಆ ಕಂಪ್ಯೂಟರಿನ ಮುಂದೆ ಅರ್ಧ ನಿಮಿಷ ಕುಳಿತ ಯಾರೇ ಆದರೂ ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಪಾಸ್‌ವರ್ಡನ್ನು ಓದಿಕೊಳ್ಳಬಹುದು. ತೋಟದ ಆ ಪೆಟ್ಟಿಗೆಯಲ್ಲಿ ಏನಿದೆ ಎಂದು ಯೋಚಿಸಿ. ಬಟವಾಡೆಯ ಲೆಕ್ಕದ ಜೊತೆಗೆ ಕೆಲಸದವರ ಬ್ಯಾಂಕ್ ಖಾತೆಯ ಸಂಖ್ಯೆ, ಆಧಾರ್ ಪ್ರತಿ, ಮನೆಯವರ ವಿವರ ಇರುತ್ತವೆ. ಹೊರ ರಾಜ್ಯಗಳಿಂದ ಬಂದು ಲೈನ್‌ಮನೆಯಲ್ಲಿರುವ ಎಷ್ಟೋ ಮಂದಿಗೆ ತಮ್ಮ ಕಾಗದಗಳು ಎಲ್ಲಿ ಇಡಲ್ಪಟ್ಟಿವೆ ಎಂದೇ ತಿಳಿದಿರುವುದಿಲ್ಲ. ಅವರು ನಂಬಿ ಕೊಟ್ಟದ್ದನ್ನು ಕಾಪಾಡುವ ಹೊಣೆ ಕಚೇರಿಯದ್ದು. ಹೋಂಸ್ಟೇಯಲ್ಲಾದರೆ ಅತಿಥಿಗಳ ಗುರುತಿನ ಚೀಟಿಗಳ ಪ್ರತಿಗಳಿರುತ್ತವೆ, ಸ್ವಾಗತ ಕೊಠಡಿಯ ಕಂಪ್ಯೂಟರಿನ ಮುಂದೆ ಬಂದು ನಿಲ್ಲುವವರೂ ಹೆಚ್ಚು.

ಕ್ರೆಡೆನ್ಶಿಯಲ್ ಮ್ಯಾನೇಜರ್ ಇದಕ್ಕಿಂತ ಹೇಗೆ ಭಿನ್ನ ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ರೈಟರ್ ಅವರ ಜುಲೈ ತಿಂಗಳ ಘಟನೆಗೆ ಉತ್ತರ ಅದರಲ್ಲಿದೆ. ವಿಂಡೋಸ್ 2000ದಿಂದ ಈಚೆಗೆ ವಿಂಡೋಸ್‌ನಲ್ಲಿ ಡಿಪಿಎಪಿಐ ಎಂಬ ರಹಸ್ಯ ರಕ್ಷಣೆಯ ಏರ್ಪಾಡು ಇದೆ. ನೀವು ಉಳಿಸಿದ ಪಾಸ್‌ವರ್ಡ್ ಡಿಸ್ಕಿನ ಮೇಲೆ ಹಾಗೆಯೇ ಇರುವುದಿಲ್ಲ, ಒಂದು ಕೀಲಿಯಿಂದ ಬೀಗ ಹಾಕಿಕೊಂಡು ಇರುತ್ತದೆ. ಆ ಕೀಲಿಗೆ ಮತ್ತೆ ಬೀಗ ಹಾಕಿರುವುದು ನೀವು ವಿಂಡೋಸ್‌ಗೆ ಪ್ರವೇಶಿಸುವಾಗ ಬರೆಯುವ ನಿಮ್ಮದೇ ಪಾಸ್‌ವರ್ಡಿನಿಂದ. ನೀವು ನಿಮ್ಮ ಹಳೆಯ ಪಾಸ್‌ವರ್ಡ್ ಬರೆದು ಹೊಸದನ್ನು ಇಟ್ಟುಕೊಂಡರೆ, ವಿಂಡೋಸ್ ಹಳೆಯದರಿಂದ ಕೀಲಿಯನ್ನು ಬಿಡಿಸಿ ಹೊಸದರಿಂದ ಮತ್ತೆ ಭದ್ರಪಡಿಸುತ್ತದೆ, ಏನೂ ಕಳೆದುಹೋಗುವುದಿಲ್ಲ. ಆದರೆ ಬೇರೊಬ್ಬ ಅಡ್ಮಿನಿಸ್ಟ್ರೇಟರ್ ಬಂದು, ಹಳೆಯದನ್ನು ತಿಳಿಯದೆ, ಸ್ಥಳೀಯ ಖಾತೆಗೆ ಹೊಸ ಪಾಸ್‌ವರ್ಡ್ ಹೇರಿದಾಗ ಆ ಕೀಲಿಯನ್ನು ಬಿಡಿಸಲು ಯಾರಿಂದಲೂ ಆಗುವುದಿಲ್ಲ. ಹಾಗೆ ಮಾಡುವ ಮುನ್ನ ವಿಂಡೋಸ್ ಎಚ್ಚರಿಕೆಯ ಸಂದೇಶವನ್ನೂ ತೋರಿಸುತ್ತದೆ, ಅವಸರದಲ್ಲಿ ನಾವು ಓದದೆ ಮುಂದುವರಿಯುತ್ತೇವೆ. ಮಾಲೀಕರೂ ಅಡ್ಮಿನಿಸ್ಟ್ರೇಟರ್ ಆಗಿದ್ದುಕೊಂಡು ಕೆಲಸದವರ ಉಳಿಸಿದ ಪಾಸ್‌ವರ್ಡ್‌ಗಳನ್ನು ಸುಲಭವಾಗಿ ತೆಗೆದುಕೊಳ್ಳಬಾರದು ಎಂಬ ರಕ್ಷಣೆಯ ಇನ್ನೊಂದು ಮುಖವೇ ಇದು.

ಆದ್ದರಿಂದ ಜುಲೈಯಲ್ಲಿ ಮೇಲ್ ಪ್ರೋಗ್ರಾಂ ಎಲ್ಲವನ್ನೂ ಹೊಸದಾಗಿ ಕೇಳಿದ್ದು ಈ ಕಾರಣದಿಂದ. ಆದರೆ ಅದು ಒಂದು ಸಲದ ನಷ್ಟ. ಆಮೇಲೆ ಹೊಸ ಕೀಲಿಯೊಂದು ಹುಟ್ಟಿಕೊಂಡು, ಅನಂತರ ಉಳಿಸಿದ್ದೆಲ್ಲ ಉಳಿಯುತ್ತದೆ. ಪ್ರತಿದಿನದ ಮರೆವಿಗೆ ಅದನ್ನು ಕಾರಣವೆಂದು ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ಜುಲೈಗಿಂತ ಹಿಂದೆ ಉಳಿಸಿದ ನಮೂದೇನಾದರೂ ಬೇರೆ ಕಡೆ ಇದ್ದರೆ ಅಳಿಸಿ ಹೊಸದಾಗಿ ಬರೆಯಿರಿ, ಅಷ್ಟು ಸಾಕು.

ಹೆಸರು ಬರೆಯುವ ಕ್ರಮದ ಬಗ್ಗೆಯೂ ಒಂದು ಮಾತು. ಬರಿಯ ಬಳಕೆದಾರನ ಹೆಸರನ್ನಷ್ಟೇ ಬರೆದರೆ ವಿಂಡೋಸ್ ಕೆಲವೊಮ್ಮೆ ಅದನ್ನು ತನ್ನದೇ ಕಂಪ್ಯೂಟರಿನ ಬಳಕೆದಾರ ಎಂದುಕೊಂಡು ನಾಸ್‌ಗೆ ಕಳುಹಿಸುತ್ತದೆ. ನಾಸ್ ಪೆಟ್ಟಿಗೆಯ ಹೆಸರು, ಹಿಂದಕ್ಕೆ ವಾಲಿದ ಓರೆಗೆರೆ, ಅದರ ನಂತರ ಬಳಕೆದಾರನ ಹೆಸರು, ಹೀಗೆ ಬರೆದರೆ ಸಂಶಯಕ್ಕೆ ಎಡೆಯಿರುವುದಿಲ್ಲ.

ಸೋಮವಾರಪೇಟೆಯವರಿಗೆ: ಮೇಲ್, ಬ್ರೌಸರ್ ಎಲ್ಲವೂ ಒಟ್ಟಿಗೆ ಪ್ರತಿ ಸಲ ಮರೆಯುವುದು ಬೇರೆಯೇ ಲಕ್ಷಣ. ಎರಡನ್ನು ನೋಡಿ. ಲಾಗಿನ್ ಆದ ಮೇಲೆ ಸಿ ಡ್ರೈವಿನ ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಬದಲು ‘ಟೆಂಪ್’ ಎಂಬ ಫೋಲ್ಡರಿನಲ್ಲಿ ಕೆಲಸ ನಡೆಯುತ್ತಿದ್ದರೆ ನಿಮಗೆ ತಾತ್ಕಾಲಿಕ ಪ್ರೊಫೈಲ್ ಸಿಕ್ಕಿದೆ ಎಂದರ್ಥ. ವಿಂಡೋಸ್ ತನ್ನ ಘಟನೆಗಳನ್ನು ದಾಖಲಿಸುವ ಇವೆಂಟ್ ವ್ಯೂವರ್‌ನಲ್ಲಿ 1511 ಎಂಬ ಸಂಖ್ಯೆಯ ದಾಖಲೆಯೂ ಇರುತ್ತದೆ. ಆಗ ಡೆಸ್ಕ್‌ಟಾಪ್ ಮೇಲಿಟ್ಟ ಕಡತಗಳೂ ಮರುದಿನ ಕಾಣುವುದಿಲ್ಲ. ಹಾಗಿಲ್ಲದಿದ್ದರೆ ಆವೃತ್ತಿಯನ್ನು ನೋಡಿ. 2020ರ ಮೇ ತಿಂಗಳಲ್ಲಿ ಬಂದ ವಿಂಡೋಸ್ 10ರ 2004 ಎಂಬ ಆವೃತ್ತಿಯಲ್ಲಿ, ನಿಗದಿತ ಕೆಲಸಗಳನ್ನು ತಾನಾಗಿ ನಡೆಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿರುವ ಒಂದು ಬಗೆಯ ಕೆಲಸಗಳಿಂದಾಗಿ ಉಳಿಸಿದ ಪಾಸ್‌ವರ್ಡ್‌ಗಳು ಮರೆತುಹೋಗುವ ದೋಷವಿತ್ತು. ಮೈಕ್ರೋಸಾಫ್ಟ್ ಅದನ್ನು ಒಪ್ಪಿಕೊಂಡು ಮುಂದಿನ ಅಪ್‌ಡೇಟ್‌ಗಳಲ್ಲಿ ಸರಿಪಡಿಸಿತು. ಅಂದಿನಿಂದ ಅಪ್‌ಡೇಟ್ ಮಾಡದ ಕಂಪ್ಯೂಟರ್‌ನಲ್ಲಿ ಅದು ಈಗಲೂ ಇರಬಹುದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಅತಿಥಿಗಳ ವಿವರ ಇರುವ ಕಂಪ್ಯೂಟರನ್ನು ಹಾಗೆಯೇ ಮುಂದುವರಿಸುವುದು ನನಗೆ ಸರಿಕಾಣುವುದಿಲ್ಲ.

ಪ್ರಶ್ನಿಸಿದವರಿಂದ: ತೋಟದ ರೈಟರ್, ಸಿದ್ದಾಪುರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹತ್ತು ದಿನ ನೋಡಿಯೇ ಬರೆಯೋಣ ಎಂದು ಕಾದೆ.

ರೂಟರಿನಲ್ಲಿ ನಾಸ್‌ಗೆ 192.168.1.50 ಎಂದು ಕಾಯ್ದಿರಿಸಿದೆವು. ಡೆಸ್ಕ್‌ಟಾಪ್‌ನ ಒಂಬತ್ತಕ್ಕೆ ಆ ದಿನದ ಒಂದು ಸೇರಿ ಹತ್ತಾಗಿದ್ದ ನಮೂದುಗಳನ್ನೂ ಅಳಿಸಿ, ಮೇಡಂ ಹೇಳಿದ ರೀತಿಯಲ್ಲಿ ಪೆಟ್ಟಿಗೆಯ ಹೆಸರು ಸೇರಿಸಿ ಒಂದೇ ನಮೂದು ಮಾಡಿದೆ. ಪ್ರತಿ ಸಂಜೆ ಪ್ಲಗ್ ಕಿತ್ತಿಟ್ಟಿದ್ದೇವೆ, ನಡುವೆ ಎರಡು ರಾತ್ರಿ ಮರ ಬಿದ್ದು ಕರೆಂಟೂ ಹೋಗಿತ್ತು. ಹತ್ತು ದಿನಗಳಲ್ಲಿ ಒಮ್ಮೆಯೂ ಪಾಸ್‌ವರ್ಡ್ ಕೇಳಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಕಂಪನಿಯ ಖಾತೆ ಇರಲಿಲ್ಲ, ಆದರೆ ಆ ನಿಯಮ ನೀವು ಹೇಳಿದ ಜಾಗದಲ್ಲಿ ‘ಎನೇಬಲ್ಡ್’ ಆಗಿಯೇ ಇತ್ತು. ಬದಲಾಯಿಸಿ ರೀಸ್ಟಾರ್ಟ್ ಮಾಡಿದ ಮೇಲೆ ಕೈಯಿಂದ ಸೇರಿಸಿದ್ದು ದೋಷವಿಲ್ಲದೆ ಉಳಿಯಿತು, ಇಂದಿನವರೆಗೂ ಇದೆ. ಮಾಲೀಕರು ಬಹಳ ಸಂತೋಷಪಟ್ಟರು. ಲ್ಯಾಪ್‌ಟಾಪ್ ಇನ್ನು ಮುಂದೆ ಪಾಸ್‌ವರ್ಡ್ ಉಳಿಸಿಕೊಳ್ಳುವುದರಿಂದ, ಅದು ತೋಟದಿಂದ ಹೊರಗೆ ಹೋಗಬಾರದೆಂದೂ ಅವರೇ ತೀರ್ಮಾನಿಸಿದ್ದಾರೆ.

ಒಂದು ಸಣ್ಣ ವಿಷಯ ಉಳಿದಿದೆ. ಬೆಳಿಗ್ಗೆ ಮೊದಲು ಕಂಪ್ಯೂಟರ್ ಹಾಕಿದಾಗ ಜೆಡ್ ಡ್ರೈವಿನ ಮೇಲಿನ ಕೆಂಪು ಗುರುತು ಈಗಲೂ ಕಾಣುತ್ತದೆ. ಐದು ನಿಮಿಷ ಬಿಟ್ಟು ಒತ್ತಿದರೆ ಏನನ್ನೂ ಕೇಳದೆ ತೆರೆಯುತ್ತದೆ. ಇದರಿಂದ ಮುಂದೆ ತೊಂದರೆಯಾಗಬಹುದೇ?

ಉತ್ತರ: ಕಂಪ್ಯೂಟರ್ ದುರಸ್ತಿಗಾರ, ಗೋಣಿಕೊಪ್ಪ

ಇಲ್ಲ ಸರ್. ನೀವು ಲಾಗಿನ್ ಆಗುವ ಹೊತ್ತಿಗೆ ನಾಸ್ ಇನ್ನೂ ಎದ್ದಿರುವುದಿಲ್ಲ, ಆದ್ದರಿಂದ ವಿಂಡೋಸ್ ಒಮ್ಮೆ ಹುಡುಕಿ, ಸಿಗಲಿಲ್ಲ ಎಂದು ಗುರುತು ಹಾಕಿಡುತ್ತದೆ. ಅದು ಪಾಸ್‌ವರ್ಡಿಗೆ ಸಂಬಂಧಪಟ್ಟದ್ದಲ್ಲ. ಕಚೇರಿ ತೆರೆದ ಕೂಡಲೇ ಮೊದಲು ರೂಟರ್, ನಂತರ ನಾಸ್ ಹಾಕಿ, ಕಣದ ಕಡೆ ಒಂದು ಸುತ್ತು ಹೋಗಿ ಬಂದು ಕಂಪ್ಯೂಟರ್ ಹಾಕಿದರೆ ಆ ಗುರುತೂ ಬರುವುದಿಲ್ಲ.

ಒಂದನ್ನು ಮಾತ್ರ ಬದಲಾಯಿಸಿಕೊಳ್ಳಿ. ಸಂಜೆ ನಾಸ್‌ನ ಪ್ಲಗ್ಗನ್ನು ನೇರವಾಗಿ ಕೀಳಬೇಡಿ. ಅದರೊಳಗೆ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ, ಬರೆಯುತ್ತಿರುವಾಗ ಕರೆಂಟ್ ತಪ್ಪಿದರೆ ಕಡತಗಳು ಕೆಡಬಹುದು. ಪೆಟ್ಟಿಗೆಯ ಮುಂಭಾಗದ ಗುಂಡಿಯನ್ನು ಒತ್ತಿ ಹಿಡಿದೋ ಆ್ಯಪ್‌ನಿಂದಲೋ ಶಟ್‌ಡೌನ್ ಮಾಡಿ, ದೀಪ ಪೂರ್ತಿ ಆರಿದ ಮೇಲೆ ಪ್ಲಗ್ ತೆಗೆಯಿರಿ. ರಾತ್ರಿ ಕರೆಂಟ್ ಹೋಗುವ ವಿಚಾರಕ್ಕೆ ಅದು ಹೇಗೂ ಆರಿರುತ್ತದೆ. ಹಗಲಿಗಾಗಿ ನಾಸ್, ರೂಟರ್ ಮತ್ತು ಡೆಸ್ಕ್‌ಟಾಪ್ ಮೂರಕ್ಕೂ ಸೇರಿ ಒಂದು ಯುಪಿಎಸ್ ಇದ್ದರೆ, ಕೊಯ್ಲಿನ ದಿನಗಳಲ್ಲಿ ತೂಕ ಬರೆಯುತ್ತಿರುವಾಗ ಕರೆಂಟ್ ಹೋದರೂ ಕಡತವನ್ನು ಉಳಿಸಿ ಮುಚ್ಚುವಷ್ಟು ಸಮಯ ಸಿಗುತ್ತದೆ.